ಹನ್ನೊಂದು ನಾಳೆಗಳು, ಒಂದು ದವಡೆ ಹಲ್ಲು

ಗಾಳಿಕಂಬ ಬಡಾವಣೆ, ಚಿತ್ರದುರ್ಗ
2209, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಆರು ತಲೆಮಾರು ಹಿಂದಿರುವ ಕೊಟ್ರೇಶಪ್ಪಜ್ಜನವರಿಗೆ ನಿಮ್ಮದೇ ವಂಶದ ತಿಪ್ಪೇರುದ್ರಪ್ಪ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ಉಳಿಕೆ ತಿಂಗಳು ಎಂದು ಹೆಸರು. ವರ್ಷವಿಡೀ ಮುಂದೂಡಿದ ಕೆಲಸವನ್ನೆಲ್ಲ ಅದರಲ್ಲೇ ಮುಗಿಸಬೇಕೆಂಬುದು ರೂಢಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದವರಿಗೆ ಹಿಡಿಸಲೆಂದು ನಡುವೆ ಇಂಗ್ಲಿಷ್ ಹಾಕೋಣ ಅಂದುಕೊಂಡೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ, ಈಗ ಅದನ್ನು ಹಳಗನ್ನಡದ ಹಾಗೆ ಆಸಕ್ತಿ ಇದ್ದವರು ಮಾತ್ರ ಓದುತ್ತಾರೆ. ನೆನಪಿರುವುದು ಎರಡೇ ಸಾಲು. ಒಂದು, ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್’. ಇನ್ನೊಂದು ಈಗ ಬಾಯಿಗೆ ಬರುತ್ತಿಲ್ಲ. ಬಾಯಿಯೇ ಈಗ ನನ್ನ ಸ್ವಾಧೀನದಲ್ಲಿಲ್ಲ.

ಸಬ್ಜೆಕ್ಟ್ ಹಲ್ಲು. ನಿಮ್ಮ ನೀಲಿ ರಟ್ಟಿನ ಡೈರಿ ನಮ್ಮ ಮನೆಯಲ್ಲಿದೆ. ಬಸ್ಸಿನ ಡ್ಯೂಟಿ, ರಜೆ, ಅತ್ತೆಯ ಮನೆಯ ಮದುವೆ ಇವುಗಳ ಮಧ್ಯೆ ಹನ್ನೊಂದು ಕಡೆ ನೀವು ಒಂದೇ ಸಾಲು ಬರೆದಿದ್ದೀರಿ: ‘ಬಲಗಡೆ ದವಡೆ ಹಲ್ಲು ನೋವು. ನಾಳೆ ಡಾಕ್ಟರ ಹತ್ತಿರ.’ ಆಮೇಲೆ ಪುಟಗಳು ಖಾಲಿ. ನೀವು ಹೋದಿರೋ ಇಲ್ಲವೋ ಆರು ತಲೆಮಾರಿನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಅದನ್ನು ಓದಿ ನಗುತ್ತಿದ್ದೆ. ಮೂರು ವರ್ಷದ ಹಿಂದೆ ಅದೇ ಬಲಗಡೆ, ಅದೇ ಹಲ್ಲು ನನಗೂ ಶುರುವಾಯಿತು, ನಗು ನಿಂತಿತು.

ನಾನು ಮೂವತ್ತು ವರ್ಷ ಗಾಳಿಕಂಬ, ಅಂದರೆ ನಿಮ್ಮ ಕಾಲದ ಗಾಳಿಯಂತ್ರ, ಹತ್ತಿ ಎಣ್ಣೆ ಬಿಟ್ಟವನು. ನೂರು ಮೀಟರ್ ಮೇಲೆ ಗಾಳಿಯಲ್ಲಿ ತೂಗಾಡುತ್ತ ಬುತ್ತಿ ಉಂಡಿದ್ದೇನೆ. ಆದರೆ ಹಲ್ಲಿನ ಡಾಕ್ಟರ ಕುರ್ಚಿ ಹಿಂದಕ್ಕೆ ಬಾಗಿದರೆ ನನ್ನ ಕಾಲು ತಣ್ಣಗಾಗುತ್ತದೆ. ಅದೃಷ್ಟಕ್ಕೆ ನಮ್ಮದು ಇನ್ನೂ ಮುದ್ದೆಯ ಸೀಮೆ. ಮುದ್ದೆ ನುಂಗುವ ಊರಲ್ಲಿ ಯಾರ ಹಲ್ಲು ಹಾಳಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಬಡಾವಣೆಯವರೆಲ್ಲ ಉಣ್ಣುವುದು ಪಂಕ್ತಿಮನೆಯಲ್ಲಿ, ಅಂದರೆ ಇಡೀ ಬೀದಿಗೆ ಒಂದೇ ಅಡುಗೆಮನೆ. ಬುಧವಾರ ಅಲ್ಲಿ ಜೋಳದ ರೊಟ್ಟಿ. ನಾನು ಬುಧವಾರವೂ ಮುದ್ದೆ ಕೇಳಿ, ನುಂಗಿ, ಎದ್ದು ಬರುತ್ತಿದ್ದೆ.

ಕೊನೆಗೆ ಮುಖ ಊದಿಕೊಂಡ ಮೇಲೆ ಹೋದೆ. ಡಾಕ್ಟರು ಮೆಹಜಬೀನ್, ಈ ಊರಿಗೆ ಹೊಸಬರು. ಕೀಳಲೇಬೇಕು ಅಂದರು. ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ವಾಲುತ್ತವೆ, ದವಡೆ ಮೂಳೆ ಸವೆಯುತ್ತದೆ, ಆದ್ದರಿಂದ ಬದಲಿ ಹಲ್ಲನ್ನು ಈಗಲೇ ಯೋಚಿಸಿ ಅಂದರು. ಬದಲಿಯಲ್ಲಿ ಮೂರು ಬಗೆ. ತೆಗೆದು ತೊಳೆದಿಡುವ ಹಲ್ಲು, ನಿಮ್ಮ ಕಾಲದಲ್ಲೂ ಇತ್ತು. ಮೂಳೆಗೆ ತಿರುಪು ಹಾಕಿ ಕೂರಿಸುವ ಹಲ್ಲು, ಅದೂ ಇತ್ತು. ನನ್ನ ಮೂಳೆ ಅದಕ್ಕೆ ಸಾಲದಂತೆ. ಮೂರನೆಯದು ಬಿತ್ತುಹಲ್ಲು: ನಮ್ಮದೇ ಒಸಡಿನ ಚೂರಿನಿಂದ ಮಾಡಿದ ಬೀಜವನ್ನು ಹಲ್ಲು ಕಿತ್ತ ಗುಂಡಿಯಲ್ಲಿಟ್ಟರೆ ಒಂಬತ್ತು ತಿಂಗಳಲ್ಲಿ ನಿಜವಾದ ಹಲ್ಲು ಮೂಡುತ್ತದೆ. ಆದರೆ ಅದಕ್ಕೆ ಊಟದ ಸಾಕ್ಷಿ ಬೇಕು. ಮನುಷ್ಯನಿಗೆ ತಾನು ಯಾವ ಕಡೆ ಅಗಿಯುತ್ತೇನೆಂಬುದು ಸರಿಯಾಗಿ ಗೊತ್ತಿರುವುದಿಲ್ಲ. ಎದುರಿಗೆ ಕೂತು ಉಣ್ಣುವವರೊಬ್ಬರು ಅದನ್ನು ನೋಡಿ ಡಾಕ್ಟರಿಗೆ ಹೇಳಬೇಕು, ಇಲ್ಲದಿದ್ದರೆ ಹಲ್ಲು ಸೊಟ್ಟ ಬರುತ್ತದೆ.

ಅರ್ಜಿಯಲ್ಲಿ ಸಾಕ್ಷಿಯ ಹೆಸರು ಎಂಬ ಜಾಗವಿತ್ತು. ನನ್ನ ಕೈ ತಾನಾಗಿ ‘ಸರ್ವಮಂಗಳ’ ಎಂದು ಬರೆಯಿತು. ನನ್ನ ಹೆಂಡತಿ. ಅವಳು ಹೋಗಿ ಆರು ವರ್ಷ. ಮೂವತ್ತೆಂಟು ವರ್ಷ ಎಲ್ಲ ಕಾಗದದಲ್ಲೂ ಆ ಜಾಗದಲ್ಲಿ ಅದೇ ಹೆಸರು ಬರೆದ ಕೈ ಅದು. ಡಾಕ್ಟರು ಓದಿ, ಅವರನ್ನು ಒಮ್ಮೆ ಕರೆತನ್ನಿ ಅಂದರು. ನನಗೆ ನಾಚಿಕೆಯಾಗಿ, ಊರಿಗೆ ಹೋಗಿದ್ದಾಳೆ ಅಂದುಬಿಟ್ಟೆ. ಆ ಸುಳ್ಳಿನ ನೆರಳಲ್ಲಿ ಮೂರು ತಿಂಗಳು ಹಾಯಾಗಿ ಮುಂದೂಡಿದೆ. ಹೋದಾಗೆಲ್ಲ ಮಾತ್ರೆ ಕೊಡುತ್ತಿದ್ದರು, ನಾನು ಬರುತ್ತಿದ್ದೆ. ತೆಗೆದಿಡುವ ಹಲ್ಲೇ ಸಾಕು, ಅದಕ್ಕೆ ಯಾರ ಸಾಕ್ಷಿಯೂ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಇವತ್ತು ಬೆಳಿಗ್ಗೆ ಕಾಯುವ ಬೆಂಚಿನಲ್ಲಿ ಪಂಕ್ತಿಮನೆಯಲ್ಲಿ ಬಡಿಸುವ ಬೋರಮ್ಮ ಕೂತಿದ್ದಳು, ತನ್ನ ಹಲ್ಲು ತೋರಿಸಲು ಬಂದವಳು. ಡಾಕ್ಟರು ಹೊರಗೆ ಬಂದು, ಸಾಕ್ಷಿ ಹೇಳಲು ನಿಮ್ಮ ಮನೆಯವರು ಊರಿಂದ ಬಂದರಾ ಎಂದು ನನ್ನನ್ನು ಕೇಳಿದರು.

“ಸರ್ವಕ್ಕ ತೀರ್ಕೊಂಡು ಆರು ವರ್ಷ ಆಯ್ತು ಡಾಕ್ಟ್ರೇ,” ಅಂದಳು ಬೋರಮ್ಮ. “ಸಾಕ್ಷಿಗೆ ನನ್ನ ಹೆಸರು ಬರ್ಕೊಳ್ಳಿ. ಮೂರು ವರ್ಷದಿಂದ ಈ ಯಪ್ಪ ಬಲಗಡೆ ಅಗಿದಿಲ್ಲ. ಬುಧವಾರ ಇವ್ರೊಬ್ರಿಗೋಸ್ಕರ ಬೇರೆ ಮುದ್ದೆ ಕಟ್ತೀನಿ. ಕಂಬ ಹತ್ತೋ ರುದ್ರಣ್ಣಂಗೆ ಕುರ್ಚಿ ಹತ್ತೋಕೆ ಭಯ.”

ಬೆಂಚಿನವರೆಲ್ಲ ನಕ್ಕರು. ಆರು ವರ್ಷ ಒಬ್ಬನೇ ಉಣ್ಣುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ ಅಜ್ಜಾ. ಡಾಕ್ಟರು ಸರ್ವಮಂಗಳಳ ಹೆಸರನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೆ ಬೋರಮ್ಮ ಎಂದು ಸೇರಿಸಿದರು. ಬಿತ್ತುಹಲ್ಲು ಅಂದೆ. ಇವತ್ತೇ ಕೀಳಿ ಅಂದೆ.

ಕುರ್ಚಿಯ ವಿಷಯ ನಿಮಗೆ ಹೇಳಲೇಬೇಕು. ಸೂಜಿ ಕೆಂಜಿಗ ಕಚ್ಚಿದಷ್ಟು. ಆಮೇಲೆ ನೋವಿಲ್ಲ, ಎಳೆತ ಗೊತ್ತಾಗುತ್ತದೆ, ಹಳೇ ಬಾಗಿಲು ಕಿತ್ತಂಥ ಸದ್ದು ತಲೆಯೊಳಗೆ ಕೇಳುತ್ತದೆ. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದಿದ್ದರು. ನಾನು ಮೂರು ಸಲ ಎತ್ತಿದೆ, ಮೂರು ಸಲವೂ ನಿಲ್ಲಿಸಿದರು. ಮೂರನೆಯದು ಸುಮ್ಮನೆ, ನಿಜವಾಗಿ ನಿಲ್ಲಿಸುತ್ತಾರೋ ನೋಡೋಣ ಅಂತ. ನಾಲ್ಕನೇ ಸಲ ಎತ್ತುವ ಮೊದಲೇ ಹಲ್ಲು ತಟ್ಟೆಯಲ್ಲಿತ್ತು.

ಈಗ ಹತ್ತಿ ಕಚ್ಚಿಕೊಂಡು ಒಂದು ಗಂಟೆ ಮಾತಾಡದೆ ಕೂರಬೇಕು. ಆ ಹೊತ್ತಿನಲ್ಲಿ ಕಾಗದ ಕೊಟ್ಟು, ಇದೇ ನೋವು ಉಂಡ ಹಿರಿಯರೊಬ್ಬರಿಗೆ ಬರೆಯಿರಿ ಅನ್ನುವುದು ನಮ್ಮ ಕಡೆಯ ಪದ್ಧತಿ. ಹಿಂದೋಲೆ ಎನ್ನುತ್ತೇವೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಬುಧವಾರದಿಂದ ಬೋರಮ್ಮ ಬಡಿಸಿ ಮುಗಿಸಿ ನನ್ನ ಎದುರಿಗೆ ಕೂತು ಉಣ್ಣುತ್ತಾಳೆ. ಒಂಬತ್ತು ತಿಂಗಳು. ಒಂದು ವಾರವೂ ತಪ್ಪಿಸುವುದಿಲ್ಲ.

ಮನೆಗೆ ಹೋಗಿ ನಿಮ್ಮ ಡೈರಿಯ ಆ ಖಾಲಿ ಪುಟದಲ್ಲಿ ಹನ್ನೆರಡನೇ ಸಾಲು ಬರೆಯಲಿದ್ದೇನೆ: ‘ಹೋಗಿ ಬಂದೆ.’ ಆದರೆ ಅಕ್ಷರ ನನ್ನದಾಗುತ್ತದೆ, ಅದು ಸರಿಯಲ್ಲ. ನಾನು ಪುಟ ತೆರೆಯುವಷ್ಟರಲ್ಲಿ ನೀವೇ ಬರೆದಿಡಿ ಅಜ್ಜಾವ್ರೇ. ಎಡಗೈ ಎತ್ತಿದರೆ ನಿಲ್ಲಿಸುತ್ತಾರೆ, ಕೇಳಿಕೊಳ್ಳಿ. ಹಾಂ, ಇಂಗ್ಲಿಷಿನ ಎರಡನೇ ಸಾಲು ಈಗ ನೆನಪಾಯಿತು.

ಕೈಂಡ್ಲಿ ಡು ದಿ ನೀಡ್‌ಫುಲ್.

ನಿಮ್ಮ,
ತಿಪ್ಪೇರುದ್ರಪ್ಪ