ತೀರ್ಥದ ಹರವಿಗೆ ಬೀಗ

ಪುಕಾರೂಮಿ ಧರ್ಮಕೇಂದ್ರದ ಗುರುಗಳಾದ ಅನ್ಸೆಲ್ಮೋ ಸ್ವಾಮಿಯವರಿಗೆ,

ತಮ್ಮ ದೇವಾಲಯದಲ್ಲಿ ಗುರುಗಳಿಲ್ಲದ ದಿನಗಳಲ್ಲಿ ನಲವತ್ತೊಂದು ವರ್ಷಗಳಿಂದ ಪ್ರಾರ್ಥನೆ ನಡೆಸಿಕೊಂಡು, ಧರ್ಮಪಾಠ ಹೇಳಿಕೊಂಡು ಬಂದ ಸಾತುರ್ನೀನೋ ವಾಮಾನಿ ಬರೆಯುವುದು. ಮೊದಲಿಗೆ ಕ್ಷೇಮ ವಿಚಾರಿಸುವುದು ಪತ್ರದ ಮರ್ಯಾದೆ. ಆ ಮರ್ಯಾದೆಯನ್ನು ಇಂದು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಮೊಮ್ಮಗಳು ದೇವಾಲಯದ ಗೋಡೆಯಾಚೆ, ಹೆಸರಿಲ್ಲದವರ ಸಾಲಿನಲ್ಲಿ, ತಮ್ಮ ಅಪ್ಪಣೆಯಂತೆ ಮಲಗಿದ್ದಾಳೆ. ಅವಳನ್ನು ಅಲ್ಲಿಗೆ ಕಳಿಸಿದವರ ಕ್ಷೇಮ ಕೇಳುವಷ್ಟು ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ತಾವು ಕರಾವಳಿಯ ಪಟ್ಟಣದಿಂದ ಈ ಬೆಟ್ಟಕ್ಕೆ ಬಂದು ಎರಡು ವರ್ಷ ತುಂಬಿಲ್ಲ. ನಮ್ಮ ಜನ ಪುನರುತ್ಥಾನದ ಪಾಸ್ಖ ಹಬ್ಬದ ತೀರ್ಥವನ್ನು ಸೀಸೆಗಳಲ್ಲಿ ಒಯ್ದು, ಆಲಿಕಲ್ಲು ಬೀಳದಿರಲೆಂದು ಆಲೂಗಡ್ಡೆ ಹೊಲದ ನಾಲ್ಕು ಮೂಲೆಗೂ ಚಿಮುಕಿಸುವುದನ್ನು ಕಂಡಿರಿ. ಜಡ್ಡು ಹಿಡಿದ ಕುರಿಗೆ ಕುಡಿಸುವುದನ್ನೂ, ಸಾಯುವವರ ತುಟಿಗೆ ಸವರುವುದನ್ನೂ ಕಂಡಿರಿ. ತಮಗೆ ಅಸಹ್ಯವಾಯಿತು. "ಇದು ದೇವಾಲಯ, ದನದ ಔಷಧಿ ಅಂಗಡಿ ಅಲ್ಲ" ಎಂದು ಪೂಜೆಯ ನಡುವೆಯೇ ಗದರಿದಿರಿ. ಗಂಟೆಗೋಪುರದ ಕೆಳಗೆ ತೀರ್ಥ ತುಂಬಿಡುವ ದೊಡ್ಡ ಹರವಿಗೆ ಹಲಗೆ ಮುಚ್ಚಿಸಿ, ಸರಪಳಿ ಸುತ್ತಿಸಿ, ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದಿರಿ. ಒಳಬರುವವರು ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಕಲ್ಲುಬಟ್ಟಲಿನಲ್ಲಿ ಜೇಡ ಬಲೆ ಕಟ್ಟಿತು.

ಆ ನೀರು ನಮಗೆ ಏನೆಂಬುದನ್ನು ತಾವು ಒಮ್ಮೆಯೂ ಕೇಳಲಿಲ್ಲ. ನೀರನ್ನು ಪವಿತ್ರಗೊಳಿಸಲು ಹಿಂದಿನ ಗುರುಗಳು ನನಗೆ ಕಲಿಸಿದ ಲ್ಯಾಟಿನ್ ವಿಧಿಯಲ್ಲಿ ಗುರುವು ನೀರನ್ನು ಕುರಿತು ಮಾತನಾಡುವುದಿಲ್ಲ, ನೀರಿನೊಡನೆಯೇ ಮಾತನಾಡುತ್ತಾನೆ. 'ಜಲವೆಂಬ ಸೃಷ್ಟಿಯೇ' ಎಂದು ಅದನ್ನು ಸಂಬೋಧಿಸಿ, ಅದರಲ್ಲಿ ಕೇಡು ಅಡಗಿದ್ದರೆ ತೊಲಗಲೆಂದು ಆಜ್ಞಾಪಿಸಿ, ಆಮೇಲೆ ಉಪ್ಪನ್ನು ಬೆರೆಸುತ್ತಾನೆ. ಮಾತು ಕೇಳಿಸಿಕೊಂಡ ನೀರು ಅದು. ಆದ್ದರಿಂದಲೇ ನಮ್ಮ ನುಡಿಯೂ ಅದರ ಸುತ್ತಲೇ ಬೆಳೆದಿದೆ. ಜ್ಞಾನಸ್ನಾನದ ನೀರು ತಲೆಗೆ ಬೀಳುವ ತನಕ ಇಲ್ಲಿ ಯಾವ ಕೂಸನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಸುಳ್ಳಾಡಿದವನಿಗೆ ದೇವಾಲಯದ ಬಾಗಿಲ ನೀರಿನಲ್ಲಿ ಬಾಯಿ ತೊಳೆದು ಬಾ ಎನ್ನುತ್ತೇವೆ. ಕರುಣೆಯಿಲ್ಲದವನನ್ನು 'ನೀರು ಬೀಳದವನು' ಎಂದು ಬಯ್ಯುತ್ತೇವೆ. ಈಚೆಗೆ ಆ ಮಾತು ಯಾರ ಬೆನ್ನ ಹಿಂದೆ ಕೇಳಿಬರುತ್ತಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಕಳೆದ ವಾರದ ಗುರುವಾರ, ಸೂರ್ಯ ನೆತ್ತಿಗೇರುವ ಮುನ್ನ, ನನ್ನ ಸೊಸೆ ಹುಲಿಯಾನಾ ದಿನ ತುಂಬದೆ ಹೆತ್ತಳು. ಕೂಸು ಅಂಗೈಯಗಲವಿತ್ತು. ಸೂಲಗಿತ್ತಿ ತೋಮಾಸಾ ಅದರ ಎದೆಗೆ ಕಿವಿಯಿಟ್ಟು, "ದೊಡ್ಡಯ್ಯ, ಇದು ನಿಲ್ಲೋ ಹಂಗೆ ಕಾಣ್ಸಲ್ಲ, ಬೇಗ ನೀರು ಬೀಳ್ಬೇಕು" ಎಂದಳು. ಜೀವ ಹೋಗುತ್ತಿರುವಾಗ ಯಾವ ಶುದ್ಧ ನೀರಾದರೂ ಸಾಕು, ಯಾರ ಕೈಯಾದರೂ ಸಾಕು ಎಂಬುದು ಧರ್ಮಸಭೆಯ ನಿಯಮ. ಅದನ್ನು ಈ ಊರಿಗೆ ಬೋಧಿಸಿದವನೇ ನಾನು. ಆದರೂ ನನ್ನ ಎಪ್ಪತ್ತನಾಲ್ಕು ವರ್ಷದ ಕಾಲುಗಳು ಹರವಿಯ ಕಡೆಗೆ ಓಡಿದವು. ನನ್ನ ಮಗನ ಮಗಳಿಗೆ ಬರಿಯ ನೀರೇ ಎಂಬ ಹಮ್ಮು ಅವನ್ನು ಓಡಿಸಿತು. ತಾವು ಕೀಲಿಯ ಸಮೇತ ಬಿಷಪರ ಊರಿಗೆ ಇಳಿದಿದ್ದಿರಿ. ಬೀಗಕ್ಕೆ ಕಲ್ಲಿನಿಂದ ಹೊಡೆದೆ. ಬೀಗ ಮುರಿಯಲಿಲ್ಲ, ಕೈ ಒಡೆಯಿತು.

ಹಿಂತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂಸಿನ ತಲೆ ಒದ್ದೆಯಾಗಿತ್ತು. "ನಾನೇ ಹುಯ್ದೆ ದೊಡ್ಡಯ್ಯ, ಒಲೆ ಮೇಲಿನ ಗಡಿಗೆ ನೀರು. ಅಸುಂತಾ ಅಂತ ಹೆಸರಿಟ್ಟೆ. ಆಮೇಲೂ ಎರಡು ಸಲ ಉಸಿರು ಎಳ್ಕೊಂಡ್ಳು" ಎಂದಳು ತೋಮಾಸಾ. ತಮ್ಮ ಮೇಲಿನ ರೋಷವನ್ನು ನಾನು ಆ ಮುದುಕಿಯ ಮೇಲೆ ಸುರಿದೆ. "ಗಡಿಗೆ ನೀರು ತೀರ್ಥ ಆಗುತ್ತೇನೇ? ಅದು ಲೆಕ್ಕಕ್ಕಿಲ್ಲ" ಎಂದೆ. ಹೆತ್ತವಳು ಕೇಳಿಸಿಕೊಂಡಳು. ಕೇಳಿಸಿಕೊಂಡು ಗೋಡೆಯ ಕಡೆಗೆ ಹೊರಳಿದವಳು ಮತ್ತೆ ನನ್ನ ಮುಖ ನೋಡಲಿಲ್ಲ.

ಸಂಜೆ ತಾವು ಬಂದಿರಿ. ಹೊಸ್ತಿಲಲ್ಲೇ ನಿಂತು, ಬಾಣಂತಿಯ ಎದುರಿಗೇ, "ಹೊಳೆ ನೀರಾದ್ರೂ ಸಾಕಿತ್ತಲ್ಲ, ನಿಮಗೆ ಗೊತ್ತಿರಲಿಲ್ವೇ?" ಎಂದು ನನ್ನನ್ನು ಕೇಳಿದಿರಿ. ಹಾಗಾದರೆ ತೋಮಾಸಾ ಎರೆದದ್ದು ಸಲ್ಲುತ್ತದೆಯಲ್ಲವೇ ಎಂದು ನನ್ನ ಮಗ ಕೈಮುಗಿದ. ಆಗ ತಾವು ನಕ್ಕಿರಿ. "ಓದು ಬರಹ ಇಲ್ಲದ ಮುದುಕಿ ಏನು ಗೊಣಗಿದಳೋ ಯಾರು ಕಂಡೋರು? ಸಲ್ಲೋದಿಲ್ಲ ಅಂತ ನಿಮ್ಮಪ್ಪನೇ ಹೇಳಿದ್ದಾರಂತಲ್ಲ." ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ. ಜ್ಞಾನಸ್ನಾನ ಆಗದ ಕೂಸೆಂದು ಗೋಡೆಯೊಳಗಿನ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಹೌದು, ಆ ಮಾತು ನನ್ನದೇ. ಮತಿಗೆಟ್ಟ ಗಳಿಗೆಯಲ್ಲಿ ಆಡಿದ ಆ ಮಾತನ್ನು ತಾವು ತಣ್ಣನೆಯ ಬುದ್ಧಿಯಿಂದ ಎತ್ತಿಕೊಂಡು ಒಂದು ಹೆಣದ ಮೇಲೆ ಪ್ರಯೋಗಿಸಿದಿರಿ. ನನ್ನ ಪಾಪಕ್ಕೆ ಕ್ಷಮೆ ಉಂಟೋ ಇಲ್ಲವೋ ಅರಿಯೆ. ತಮ್ಮದಕ್ಕೆ ತಾವು ಕ್ಷಮೆಯನ್ನೇ ಕೇಳಿಲ್ಲ.

ತಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಮೂರನೆಯ ದಿನ ನಾನು ಕೇಳಿದೆ. ನೀರೆರೆಯುವಾಗ ಏನೆಂದೆ ಎಂದು ತೋಮಾಸಾಳನ್ನು ವಿಚಾರಿಸಿದೆ. ನಮ್ಮ ಕೆಚುವಾ ನುಡಿಯಲ್ಲಿ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ, ಒಂದಕ್ಷರ ತಪ್ಪದೆ ಒಪ್ಪಿಸಿದಳು. "ನೀವೇ ಅಲ್ವಾ ನಮ್ಮನ್ನೆಲ್ಲ ಕೂರಿಸ್ಕೊಂಡು ಕಲಿಸಿದ್ದು? ನಾನು ಮರೀಲಿಲ್ಲ, ನೀವು ಮರ್ತ್ರಿ" ಎಂದು ಒಲೆಗೆ ಸೌದೆ ನೂಕಿದಳು. ಅಷ್ಟು ನಯವಾದ ಏಟನ್ನು ನಾನು ಈವರೆಗೆ ತಿಂದಿರಲಿಲ್ಲ.

ನಿನ್ನೆ ಮಗ, ಸೊಸೆ, ನಾನು ಮೂವರೂ ರೊಟ್ಟಿ, ಕೋಕಾ ಎಲೆ, ಒಂದು ಸೀಸೆ ಮದ್ಯ ಹೊತ್ತು ಅವಳ ಮನೆಗೆ ಹೋದೆವು. ಕೂಸಿಗೆ ನೀರೆರೆದವಳು ಹೆತ್ತವರಿಗೆ ಕೊಮಾದ್ರೆಯಾಗುತ್ತಾಳೆ, ಅಂದರೆ ಆ ಕೂಸಿನ ಇನ್ನೊಬ್ಬ ತಾಯಿ. ನೀರು ಸಲ್ಲದಿದ್ದರೆ ಆ ನಂಟೂ ಹುಟ್ಟುವುದಿಲ್ಲ. ವಾರದಿಂದ ತುಟಿ ಬಿಚ್ಚದಿದ್ದ ಹುಲಿಯಾನಾ ಅಂಗಳದಲ್ಲಿ ನೆರೆಹೊರೆಯವರೆಲ್ಲ ನೋಡುತ್ತಿರುವಂತೆ ಮಂಡಿಯೂರಿ, "ಕೊಮಾದ್ರೆ" ಎಂದಳು. ನಾನು ಟೋಪಿ ತೆಗೆದು ಅದೇ ಮಾತನ್ನು ಹೇಳಿದೆ. ಇಂದು ಬೆಳಗ್ಗೆ ಸಂತೆಗೆ ಹೊರಟ ಹೆಂಗಸರು ತೋಮಾಸಾಳನ್ನು ಅಸುಂತಾಳ ತಾಯಿ ಎಂದು ಕೂಗಿ ಕರೆಯುತ್ತಿದ್ದರು. ತಮ್ಮ ಪುಸ್ತಕದಲ್ಲಿ ಇಲ್ಲದ ಹೆಸರು ಊರ ಬಾಯಲ್ಲಿದೆ.

ಗೋಡೆಯೊಳಗೆ ತರಲೆಂದು ಕೂಸನ್ನು ಅಗೆದು ತೆಗೆಯಲು ತಾಯಿ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ದೇವಾಲಯದ ಹಿತ್ತಲ ಕಡೆಯ ಗೋಡೆ ಗಾರೆಯದಲ್ಲ, ನಮ್ಮ ಅಜ್ಜಂದಿರು ಜೋಡಿಸಿಟ್ಟ ಒಣಗಲ್ಲಿನದು. ಶನಿವಾರ ಊರೆಲ್ಲ ಕೂಡಿ ಮಾಡುವ ಕೆಲಸಕ್ಕೆ ಮನೆಗೊಬ್ಬರಂತೆ ಬರುತ್ತಾರೆ. ಆ ಕಲ್ಲುಗಳನ್ನು ಇಳಿಸಿ, ಹೆಸರಿಲ್ಲದವರ ಸಾಲನ್ನು ದಾಟಿ ಹತ್ತು ಹೆಜ್ಜೆ ಆಚೆಗೆ ಮತ್ತೆ ಕಟ್ಟುತ್ತೇವೆ. ಭಾನುವಾರದ ಪೂಜೆಗೆ ತಾವು ಬರುವ ಹೊತ್ತಿಗೆ ಅಲ್ಲಿರುವ ಹದಿನಾರು ಕೂಸುಗಳೂ ಒಳಗಿರುತ್ತವೆ. ತಡೆಯುವ ಮನಸ್ಸಿದ್ದರೆ ಮುಂಜಾನೆಯೇ ಬನ್ನಿ, ಕಲ್ಲು ಹೊರಲು ಇನ್ನೊಂದು ಹೆಗಲಾದರೂ ಸಿಕ್ಕೀತು.

ತಮಗೆ ನಾನು ಕೊಡಬಹುದಾದ ಆಶೀರ್ವಾದ ಒಂದೇ. ತಮ್ಮ ಕೊನೆಯ ಗಳಿಗೆಯಲ್ಲಿ ನನ್ನಂಥ, ತಮ್ಮಂಥ ಕಲಿತವರು ಯಾರೂ ಹತ್ತಿರ ಇಲ್ಲದಿರಲಿ. ಓದು ಬಾರದ ಒಬ್ಬ ಹೆಂಗಸು ಇರಲಿ.

ಇಂತು, ಅಸುಂತಾಳ ಅಜ್ಜ,
ಸಾತುರ್ನೀನೋ ವಾಮಾನಿ