ಕಮಾನಿನ ನೆತ್ತಿಯ ಸಿಗಡಿ

ಅಕ್ಟೋಬರ್ 20, 2003. ಸೋಮವಾರ

...‘ಕಾಣದ್ದನ್ನು ಕೆತ್ತಿದವನ ಕೈ’ ಎಂದೇನೋ ಶುರು ಮಾಡಿದ್ದರು ನನ್ನ ಗುರು ಲಜಾರ್. ಮುಂದಿನದು ನೆನಪಿಲ್ಲ. ನಡುಗಿದೆ ಎಂದಿರಬೇಕು. ಇಲ್ಲೇ, ಇಂಥದೇ ಅಟ್ಟಣಿಗೆಯ ಮೇಲೆ, 1974ರಲ್ಲಿ. ನನಗೆ ಆಗ ಇಪ್ಪತ್ತೆರಡು. ಗುರು ತೀರಿಕೊಂಡು ಎಂಟು ವರ್ಷವಾಯಿತು.

ಚರ್ಚಿನ ಬಾಗಿಲ ಕಮಾನು ತೊಳೆಯುವ ಕೆಲಸ ಅರ್ಧಕ್ಕೂ ಬಂದಿಲ್ಲ. ಹನ್ನೆರಡು ರಾಶಿ, ಹನ್ನೆರಡು ತಿಂಗಳ ಕೆಲಸ, ಒಂದೊಂದೂ ಒಂದು ರೊಟ್ಟಿಯಗಲದ ವೃತ್ತದಲ್ಲಿ. ಇವತ್ತು ಮೀನ, ಪಕ್ಕದಲ್ಲಿ ಫೆಬ್ರವರಿ. ರೈತ ಒಂದು ಜೋಡು ಕಳಚಿ ಪಾದವನ್ನು ಬೆಂಕಿಗೆ ಹಿಡಿದಿದ್ದಾನೆ. ಎಂಟುನೂರು ವರ್ಷದಿಂದ ಅದೇ ಪಾದ. ಹೆಬ್ಬೆರಳು ತುಸು ಮೇಲೆದ್ದಿದೆ — ಬಿಸಿ ತಾಕಿದ ಹಾಗೆ. ಬ್ರಷ್ ಕೆಳಗಿಟ್ಟು ಪಾದ ಉಜ್ಜಿಕೊಂಡೆ. ನನ್ನ ಕಾಲೂ ತಣ್ಣಗಿತ್ತು.

ಅಕ್ಟೋಬರ್ 23, ಗುರುವಾರ

ನೆತ್ತಿಗೆ ಬಂದೆ. ಕರ್ಕಾಟಕ. ಏಡಿ ಇರಬೇಕಾದಲ್ಲಿ ಹೊಳೆಯ ಸಿಗಡಿ, ಉದ್ದ ಇಕ್ಕಳದ್ದು. ಈ ಬರ್ಗಂಡಿ ಒಳನಾಡು, ಸಮುದ್ರ ದೂರ. ಶಿಲ್ಪಿ ತನ್ನ ತಟ್ಟೆಯಲ್ಲಿ ಕಂಡದ್ದನ್ನು ಕೆತ್ತಿದ. ಅದು ಎಲ್ಲರಿಗೂ ಗೊತ್ತು. ಇಕ್ಕಳಗಾಲುಗಳು ಮಾತ್ರ ವಿಚಿತ್ರ. ಎರಡೂ ಒಳಕ್ಕೆ ಬಾಗಿವೆ. ಲಜಾರ್ ತಮ್ಮ ವರದಿಯಲ್ಲಿ ‘ಕೈತಪ್ಪು’ ಎಂದು ಬರೆದರು. ಅವುಗಳ ನಡುವಿನ ಗುಳಿಯನ್ನು ‘ಊರವರ ಕೋಲಿನಿಂದಾದ ಸವೆತ’ ಎಂದು. ತುಂಬಿಸಿ ಅಂತ ಸ್ಮಾರಕಗಳ ಆಫೀಸಿನ ಆಜ್ಞೆ ಬಂತು. ಸಿಮೆಂಟು ತುಂಬಿದೆವು. ಕಲಸಿದ್ದು ನಾನು.

ಆ ತೇಪೆಯ ಮೇಲೆ ಈಗ ಬಿರುಕು. ಕಲ್ಲೇ ಸೀಳಿದೆ, ಇಳಿಸಿ ಮ್ಯೂಸಿಯಂಗೆ ಕಳಿಸಿ, ಅಲ್ಲಿ ನಕಲು ಕೂರಿಸೋಣ — ಈಗಿನ ಆಫೀಸಿನವರ ಮಾತು. ನನ್ನ ವರದಿ ನೋಡಿ ತೀರ್ಮಾನ. ನವೆಂಬರ್ ಏಳರೊಳಗೆ.

ಚರ್ಚಿನ ಬೀಗದ ಕೈ ಒನೊರೀನ್ ಬಳಿ. ಎಂಬತ್ತು ವರ್ಷ. ಕೆಳಗಿನಿಂದ ಕೂಗಿದಳು.

“ಏನ್ ಡಾಕ್ಟ್ರೇ, ಪೇಷೆಂಟು ಬದುಕ್ತಾನಾ?”

“ನೋಡ್ಬೇಕು.”

“ಒಂಬತ್ತನೇ ತಾರೀಕು ಮರಿಮಗಳಿಗೆ ಜ್ಞಾನಸ್ನಾನ. ಜುಲೈಲಿ ಹುಟ್ಟಿದ್ದು, ಅವಳಿಗೆ ಸಿಗಡೀನೇ ಆಗ್ಬೇಕು. ನಕಲಿಗೆಲ್ಲ ನಾನು ಕೋಲು ಮುಟ್ಟಿಸೋಕೆ ಬಿಡಲ್ಲ, ಈಗ್ಲೇ ಹೇಳಿದೀನಿ.”

ಇಲ್ಲಿ ಜ್ಞಾನಸ್ನಾನ ಮುಗಿಸಿ ಹೊರಬಂದ ಮಗುವಿಗೆ ಅದರ ರಾಶಿಯ ಕಲ್ಲು ಮುಟ್ಟಿಸುತ್ತಾರೆ. ಚಳಿಗಾಲದ ಮಕ್ಕಳ ರಾಶಿ ಕಮಾನಿನ ಬುಡದಲ್ಲಿ. ಪುಟ್ಟ ಅಂಗೈ ಇಟ್ಟರಾಯಿತು. ಬೇಸಿಗೆಯ ಮಕ್ಕಳದು ನೆತ್ತಿಯಲ್ಲಿ. ಧರ್ಮಪಿತ, ಅಂದರೆ ಮಗುವಿನ ಹೊಣೆ ಹೊರುವವನು, ಉದ್ದನೆಯ ಹೇಝಲ್ ಮರದ ಕೋಲಿನ ತುದಿಯನ್ನು ಕಲ್ಲಿಗೆ ತಾಗಿಸಿ, ಅದೇ ತುದಿಯನ್ನು ಮಗುವಿನ ಹಣೆಗೆ ತಾಗಿಸುತ್ತಾನೆ.

“ಇವಳಪ್ಪ ಬ್ಲೇಜ್, ನನ್ನ ಮೊಮ್ಮಗ — ಅವನೂ ಜುಲೈನವನೇ. ಅವನ ಸರದೀಲಿ ಕೋಲು ಜಾರ್ತು, ನಿಮ್ಮ ಸಿಮೆಂಟಿನ ಮೇಲೆ. ಅದಕ್ಕೇ ಮೂರು ಸಲ ಲೈಸೆನ್ಸ್ ಟೆಸ್ಟು ಫೇಲು.”

“ಕುಡಿದು ಹೋಗಿದ್ದನಂತಲ್ಲ?”

“ಎರಡು ಸಲ ಅಷ್ಟೇ.”

ನವೆಂಬರ್ 4, ಮಂಗಳವಾರ

ಹನ್ನೆರಡು ದಿನ ಬರೆದಿಲ್ಲ. ಸಿಂಹ, ಕನ್ಯೆ, ದ್ರಾಕ್ಷಿ ತುಳಿಯುವವನು. ಸಿಗಡಿಯನ್ನು ತಪ್ಪಿಸಿ ಸುತ್ತಮುತ್ತ ಕೆಲಸ ಮಾಡಿದೆ. ‘ಇಳಿಸಿ’ ಎಂದು ಬರೆಯುವುದು ಸುಲಭ. ಗುರುವಿನ ತೇಪೆ ಹಾಗೇ ಮ್ಯೂಸಿಯಂ ಸೇರುತ್ತದೆ, ನನ್ನ ಸಿಮೆಂಟೂ. ಯಾರೂ ಕೇಳುವುದಿಲ್ಲ. ಬಿಡಿಸಲು ಹೋದರೆ ಕಲ್ಲು ಒಡೆಯಬಹುದು... ಒಡೆದರೆ ಒನೊರೀನ್‌ಳ ಮುಖ ನೋಡುವುದು ಹೇಗೆ.

ನವೆಂಬರ್ 6, ಗುರುವಾರ. ಬೆಳಗ್ಗೆ 11

ಬಿಡಿಸಿದೆ. ಉಳಿಗೆ ಮೂರೇ ಪೆಟ್ಟು. ಸಿಮೆಂಟು ಇಡಿಯಾಗಿ ಅಂಗೈಗೆ ಬಂತು. ಬಿರುಕು ಅದರಲ್ಲೇ. ಕಲ್ಲಿನಲ್ಲಿ ಕೂದಲೆಳೆಯಷ್ಟೂ ಇಲ್ಲ.

ಗುಳಿಯೊಳಗೆ ಟಾರ್ಚ್ ಹಿಡಿದೆ. ಅಂಚು ನುಣುಪು, ಅದು ಕೋಲುಗಳದ್ದು. ತಳದಲ್ಲಿ ಉಳಿಯ ಗೆರೆಗಳು, ಸುತ್ತಲೂ ಒಂದೇ ಸಮ. ಸವೆತ ಗೆರೆ ಬಿಡುವುದಿಲ್ಲ. ಶಿಲ್ಪಿಯೇ ತೋಡಿದ್ದು.

ಇಳಿದು ಹೋಗಿ ಒನೊರೀನ್‌ಳ ಕೋಲು ತಂದೆ. ನೆಲದ ಮೇಲೆ ನಿಂತು ಎತ್ತಿದೆ. ಅಷ್ಟುದ್ದದ ಕೋಲಿನ ತುದಿ ಅಲ್ಲಾಡುತ್ತದೆ, ಗುರಿ ಸಿಗುವುದಿಲ್ಲ. ಬಾಗಿದ ಇಕ್ಕಳಕ್ಕೆ ತಾಗಿತು — ಅದರ ಗುಂಟ ಜಾರಿ ತಾನಾಗಿ ಗುಳಿಯಲ್ಲಿ ಕೂತಿತು. ಮತ್ತೆ ಎತ್ತಿದೆ. ಈ ಸಲ ಇನ್ನೊಂದು ಇಕ್ಕಳ. ಹಾಗೇ ಕೂತಿತು.

ಏಡಿಯ ಗಿಡ್ಡ ಇಕ್ಕಳದಲ್ಲಿ ಇದು ಆಗದು. ಸಿಗಡಿಯೇ ಬೇಕು. ಸಮುದ್ರ ಕಾಣದವನು ಎಂದು ಅವನಿಗೆ ಕನಿಕರ ತೋರಿಸುತ್ತ ಬಂದೆವು. ಅವನು ಕಂಡದ್ದು ಕೆಳಗೆ ನಿಂತ, ಕೈ ನಡುಗುವ ಒಬ್ಬ ಧರ್ಮಪಿತನನ್ನು.

ಅದೇ ದಿನ, ಸಂಜೆ

ಸಿಮೆಂಟಿನ ಉಂಡೆಯ ಹಿಂಬದಿ ತೊಳೆದೆ. ಎಣ್ಣೆಕಾಗದ ಅಂಟಿದೆ. ಗುಳಿಯ ಅಳತೆಗೆ ಒಪ್ಪವಾಗಿ ಕತ್ತರಿಸಿದ್ದು. ಸಿಮೆಂಟು ಕಲ್ಲನ್ನು ಹಿಡಿಯದೆ ಇದ್ದುದು ಅದಕ್ಕೇ. ಮುಂದೊಂದು ದಿನ ಸುಲಭವಾಗಿ ಬಿಡಿಸಲೆಂದೇ ಇಟ್ಟದ್ದು. ನಾನು ಇಟ್ಟದ್ದಲ್ಲ.

ನವೆಂಬರ್ 7, ಶುಕ್ರವಾರ

ವರದಿ ಹೋಯಿತು. ಕಲ್ಲು ಇದ್ದಲ್ಲೇ ಇರಲಿ, ಗುಳಿ ತೆರೆದಿರಲಿ. 1974ರಲ್ಲಿ ತುಂಬಿದ್ದು ತಪ್ಪು. ಸಿಮೆಂಟು ಕಲಸಿದವನೇ ಇದನ್ನು ಬರೆಯುತ್ತಿದ್ದಾನೆ ಎಂದೂ ಸೇರಿಸಿದೆ. ಕಾಗದದ ವಿಷಯ ಬರೆಯಲಿಲ್ಲ. ಮಧ್ಯಾಹ್ನ ಫೋನು: “ಹಾಗಾದ್ರೆ ಇರ್ಲಿ ಬಿಡಿ. ಕ್ರೇನಿನವರಿಗೆ ಬರಬೇಡಿ ಅಂತೀವಿ.” ಅಷ್ಟೇ.

ನವೆಂಬರ್ 9, ಭಾನುವಾರ

ಅಟ್ಟಣಿಗೆಯನ್ನು ಬದಿಗೆ ಸರಿಸಿದ್ದೆವು. ಧರ್ಮಪಿತ ಬ್ಲೇಜ್‌ನ ಗೆಳೆಯ, ಭಾರೀ ಆಳು. ಕೋಲು ಎತ್ತಿದ್ದೇ ತಡ, ತುದಿ ಗಾಳಿಯಲ್ಲಿ ತೂರಾಡಿತು.

“ಮೆಲ್ಲಗೆ ಕಣೋ, ಗಾಳ ಹಾಕ್ತಿದೀಯಾ?” ಎಂದಳು ಒನೊರೀನ್.

ತಾಗಿತು, ಜಾರಿತು, ಕೂತಿತು. ಅವನು ಒಂದು ಕೈ ಬಿಟ್ಟು ಮೂಗು ಒರೆಸಿಕೊಂಡ, ಕೋಲು ಕದಲಲಿಲ್ಲ. ಸಿಗಡಿ ಹಿಡಿದುಕೊಂಡಿತ್ತು. ಹಣೆಗೆ ತುದಿ ಮುಟ್ಟಿದಾಗ ಮಗು ಸೀನಿತು.

“ಇವಳು ಮೊದಲನೇ ಸಲಕ್ಕೇ ಪಾಸು.” ಆಮೇಲೆ ನನ್ನ ಕಡೆ ತಿರುಗಿ, “ನೀವೂ” ಎಂದಳು.

ಎಣ್ಣೆಕಾಗದ ಮೇಜಿನ ಮೇಲಿದೆ. ಒಣಗಿ ಬಟ್ಟಲಿನಂತೆ ಬಾಗಿದೆ.

ಲಜಾರ್, ಆ ದಿನ ಮೇಲೆ ನಾವಿಬ್ಬರೇ. ಸಿಮೆಂಟು ಗಟ್ಟಿಯಾಯ್ತು, ನೀರು ತಾ ಎಂದು ನನ್ನನ್ನು ಬಾವಿಗೆ ಕಳಿಸಿದಿರಿ. ಗಟ್ಟಿಯಾಗಿರಲಿಲ್ಲ, ಕಲಸಿದವನಿಗೆ ಗೊತ್ತಿತ್ತು. ಉಳಿಯ ಗೆರೆ ನೀವೂ ಕಂಡಿದ್ದಿರಿ. ಕಂಡೂ ‘ಸವೆತ’ ಎಂದು ಬರೆದು, ಈ ಕಾಗದವನ್ನು... ಯಾರಿಗಾಗಿ ಇಟ್ಟಿರಿ?