ಸೆರಗಿನ ಕೆಂಪು

ಇಳಕಲ್, ಮಂಗಳವಾರ, ನವೆಂಬರ್ ೧೮

ಪ್ರಿಯದರ್ಶಿನಿಯ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಪರಿಸರ ಕೆಡಿಸದೆ ಸ್ವಂತ ಉದ್ಯೋಗ ಮಾಡುವುದು ಹೇಗೆಂದು ಅವಳಂಥ ನೇಕಾರರ ಮಕ್ಕಳಿಗೆ ಆರು ತಿಂಗಳಿಂದ ಕಲಿಸುತ್ತಿರುವವಳು ನಾನೇ. ದಾಳಿಂಬೆ ಸಿಪ್ಪೆಯಿಂದ ಹಳದಿ ಬಣ್ಣ ಚೆನ್ನಾಗಿ ಬಂತು. ಸೆರಗಿನ ಕೆಂಪು ಮಾತ್ರ ಯಾವ ಬೇರು ಕುದಿಸಿದರೂ ಹಿಡಿಯಲಿಲ್ಲ. ಕೆಂಪು ಸೆರಗಿಲ್ಲದ ಇಳಕಲ್ ಸೀರೆಯನ್ನು ಯಾರು ಉಡುತ್ತಾರೆ? ಕೊನೆಗೆ ಪ್ರಿಯದರ್ಶಿನಿ ತನ್ನ ಸೀರೆಯ ಸೆರಗಿನ ನೂಲನ್ನು ಅಂಗಡಿಯ ರಾಸಾಯನಿಕ ಪುಡಿಬಣ್ಣದಲ್ಲಿ ಅದ್ದಿದಳು. ನನಗೆ ಹೇಳಿಯೇ ಅದ್ದಿದಳು.

ಇವತ್ತು ನಮ್ಮ ತರಬೇತಿಗೆ ಅನುದಾನ ಕೊಡುವವರು ನೋಡಲು ಬಂದಿದ್ದರು. ಅವಳು ತಾನು ನೇಯ್ದ ಸೀರೆಯ ಮಡಿಕೆ ಬಿಚ್ಚಿ ತೋರಿಸಿದಾಗ ಅವರಲ್ಲೊಬ್ಬರು, "ಈ ಕೆಂಪೂ ನೈಸರ್ಗಿಕ ಬಣ್ಣಾನಾ?" ಎಂದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ಹೌದ್ರಿ, ಪೂರಾ ನೈಸರ್ಗಿಕಾನೇ" ಎಂದುಬಿಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ. ಅವರು ಚಪ್ಪಾಳೆ ತಟ್ಟಿದರು, ಸೆರಗು ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಅವಳು ನನ್ನನ್ನೊಮ್ಮೆ ನೋಡಿ ತಲೆ ಬಗ್ಗಿಸಿದಳು.

ಅವರ ಕಾರು ಹೋದಮೇಲೆ ಅವಳು ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಗಲಿಲ್ಲ. ಪೆನ್ನು ಹಿಡಿದುಕೊಂಡು ಬಂದು ಕೇಳಿದಳು: "ಅಕ್ಕಾರ, ಸೀರಿಗೆ ಹಚ್ಚೋ ಚೀಟಿ ಬರ್ಯಾಕತ್ತೇನ್ರಿ. ಕೆಂಪಿಗೆ ಏನಂತ ಬರೀಲ್ರಿ?"

ಬಳಸಿದ್ದನ್ನೇ ಚೀಟಿಯಲ್ಲಿ ಬರೆಯಬೇಕು. ಮೊದಲ ದಿನ ನಾನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೆ. ಅದನ್ನಿನ್ನೂ ಯಾರೂ ಅಳಿಸಿಲ್ಲ.

"ನಾಳೆ ನೋಡೂಣು" ಎಂದು ಬಸ್ಸಿನ ನೆಪ ಹೇಳಿ ಎದ್ದೆ. ಚಪ್ಪಲಿ ಮೆಟ್ಟುವಾಗ ಚೀಟಿ ಕಣ್ಣಿಗೆ ಬಿತ್ತು. ಹಳದಿಯ ಮುಂದೆ ದಾಳಿಂಬೆ ಸಿಪ್ಪೆ ಎಂದು ದುಂಡಗೆ ಬರೆದಿದ್ದಳು. ಕೆಂಪಿನ ಮುಂದೆ ಜಾಗ ಖಾಲಿ ಬಿಟ್ಟಿದ್ದಳು, ನನ್ನ ಮಾನ ಉಳಿಸಲು.